ಉಳಿ ಹಿಡಿಯದ ಸ್ಥಪತಿ

1960ರ ದಶಕದ ಮಧ್ಯಭಾಗದಲ್ಲಿ ನ್ಯೂಯಾರ್ಕಿನ ಟೈಮ್-ಲೈಫ್ ಕಟ್ಟಡದಲ್ಲಿದ್ದ ಐಬಿಎಂ ಕಚೇರಿಗಳಲ್ಲಿ ದಿನವೂ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಪ್ರೋಗ್ರಾಮರುಗಳು ತಮ್ಮ ತಮ್ಮ ಮೇಜಿನ ಮುಂದೆ ಕುಳಿತು, ದಪ್ಪನೆಯ ಕಡತಗಳನ್ನು ಬಿಚ್ಚಿ, ಹಳೆಯ ಹಾಳೆಗಳನ್ನು ಕಿತ್ತು, ಆ ಜಾಗದಲ್ಲಿ ಹೊಸ ಹಾಳೆಗಳನ್ನು ಸೇರಿಸುತ್ತಿದ್ದರು. ದಿನಕ್ಕೆ ಸರಾಸರಿ 150 ಪುಟ. ಅವರು ಕಟ್ಟುತ್ತಿದ್ದ ತಂತ್ರಾಂಶದ ಯಾವ ಭಾಗ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರವೆಲ್ಲ ಆ ಕಡತದಲ್ಲಿತ್ತು. ಯಾರು ಎಲ್ಲಿ ಏನನ್ನೇ ಬದಲಿಸಲಿ, ಅದು ಉಳಿದ ಎಲ್ಲರಿಗೂ ತಿಳಿಯಬೇಕು ಎಂಬುದು ನಿಯಮ. ಯೋಜನೆಗೆ ಆರು ತಿಂಗಳು ತುಂಬುವ ಹೊತ್ತಿಗೆ ಒಂದೊಂದು ಕಡತವೂ ಐದು ಅಡಿ ದಪ್ಪವಾಗಿತ್ತು. ಅಂಥವು ನೂರು ಪ್ರತಿಗಳಿದ್ದವು. ಒಂದರ ಮೇಲೊಂದು ಪೇರಿಸಿದ್ದರೆ ಆ ಗಗನಚುಂಬಿ ಕಟ್ಟಡಕ್ಕೇ ಸವಾಲು ಹಾಕುವಷ್ಟು ರಾಶಿ. ಹಾಳೆ ಸೇರಿಸುವುದರಲ್ಲೇ ದಿನದ ದೊಡ್ಡ ಪಾಲು ಕಳೆದುಹೋಗುತ್ತಿದ್ದುದರಿಂದ, ಕೊನೆಗೆ ಕಾಗದವನ್ನೇ ಬಿಟ್ಟು ಮೈಕ್ರೊಫಿಶ್ ಎಂಬ ಸಣ್ಣ ಫಿಲ್ಮು ಹಾಳೆಗಳ ಮೊರೆ ಹೋಗಬೇಕಾಯಿತು.

ಆ ತಂತ್ರಾಂಶದ ಹೆಸರು ಓಎಸ್/360. ಅದರ ಹೊಣೆ ಹೊತ್ತಿದ್ದವರು ಫ್ರೆಡರಿಕ್ ಬ್ರೂಕ್ಸ್. ಅಂದು ಅವರಿಗೆ ಮೂವತ್ತರ ಹರೆಯ. ಪ್ರತಿಯೊಬ್ಬನಿಗೂ ಪ್ರತಿಯೊಂದೂ ಗೊತ್ತಿರಬೇಕು ಎಂಬ ನಿಯಮ ಮಾಡಿದವರೂ ಅವರೇ. ಆ ನಿಯಮ ಸರಿಯೇ ತಪ್ಪೇ ಎಂಬುದು ಇತ್ಯರ್ಥವಾಗಲು ಮೂವತ್ತು ವರ್ಷ ಹಿಡಿಯಿತು. ನಡುವೆ, ತಂತ್ರಾಂಶಕ್ಕೂ ಒಂದು ವಾಸ್ತುಶಿಲ್ಪವಿದೆ, ಅದಕ್ಕೂ ಒಬ್ಬ ಸ್ಥಪತಿ ಬೇಕು ಎಂಬ ವಿಚಾರ ಹುಟ್ಟಿಕೊಂಡಿತು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬಂತು: ಆ ಸ್ಥಪತಿ ನಕ್ಷೆ ಬರೆದು ಕೈತೊಳೆದುಕೊಂಡರೆ ಸಾಕೋ, ಉಳಿಯನ್ನೂ ಹಿಡಿಯಬೇಕೋ? (ಇಲ್ಲಿ ವಾಸ್ತು ಎಂದರೆ ಈಶಾನ್ಯ ಮೂಲೆಯಲ್ಲಿ ನೀರಿನ ತೊಟ್ಟಿ ಕಟ್ಟಿಸುವ ವಾಸ್ತುವಲ್ಲ ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ.)

ಒಂದೇ ಗಡಿಯಾರ, ಹಲವು ಯಂತ್ರ

1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಕಂಪ್ಯೂಟರುಗಳನ್ನು ಘೋಷಿಸಿತು. ಅದಕ್ಕೆ ಮುಂಚೆ ಒಂದೇ ಕಂಪನಿಯ ಎರಡು ಕಂಪ್ಯೂಟರುಗಳು ಒಂದರ ಭಾಷೆಯನ್ನು ಇನ್ನೊಂದು ಅರಿಯದ ಪರದೇಶಿಗಳಂತಿರುತ್ತಿದ್ದವು. ಚಿಕ್ಕ ಯಂತ್ರ ಕೊಂಡಿದ್ದ ಗಿರಾಕಿ, ವ್ಯವಹಾರ ಬೆಳೆದು ದೊಡ್ಡದನ್ನು ಕೊಂಡರೆ, ತನ್ನ ಪ್ರೋಗ್ರಾಮುಗಳನ್ನೆಲ್ಲ ಹೊಸದಾಗಿ ಬರೆಸಬೇಕಿತ್ತು. ಸಿಸ್ಟಂ/360ರಲ್ಲಿ ಹಾಗಲ್ಲ. ಚಿಕ್ಕದು, ನಡುವಿನದು, ದೊಡ್ಡದು ಎಂದು ಹಲವು ಮಾದರಿಗಳು. ಒಳಗಿನ ತಂತಿ, ಮಂಡಲಗಳು ಬೇರೆಬೇರೆ. ಆದರೆ ಪ್ರೋಗ್ರಾಮಿನ ಕಣ್ಣಿಗೆ ಎಲ್ಲವೂ ಒಂದೇ. ಒಂದರಲ್ಲಿ ಓಡಿದ್ದು ಇನ್ನೊಂದರಲ್ಲೂ ಓಡಬೇಕು. 1966ರಲ್ಲಿ ಫಾರ್ಚೂನ್ ಪತ್ರಿಕೆ ಇದನ್ನು 500 ಕೋಟಿ ಡಾಲರಿನ ಜೂಜು ಎಂದು ಕರೆಯಿತು. ಜೂಜು ಗೆದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಬಂದ 360/44 ಎಂಬ ಕಂಪ್ಯೂಟರು ಇದೇ ಕುಟುಂಬದ್ದು.

ಈ ಯಂತ್ರಗಳ ವಿನ್ಯಾಸಕರಾದ ಜೀನ್ ಆಮ್ಡಾಲ್, ಗೆರಿಟ್ ಬ್ಲಾವ್ ಮತ್ತು ಬ್ರೂಕ್ಸ್ 1964ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ‘ಆರ್ಕಿಟೆಕ್ಚರ್’ ಎಂಬ ಮಾತಿದೆ. ಕಟ್ಟಡದವರ ಪದ ಕಂಪ್ಯೂಟರಿನವರ ಬಾಯಲ್ಲಿ ನೆಲೆಯೂರಿದ್ದು ಬಹುಮಟ್ಟಿಗೆ ಇಲ್ಲಿಂದ. ಅದರ ಅರ್ಥವನ್ನು ಬ್ರೂಕ್ಸ್ ಗಡಿಯಾರದ ಮೂಲಕ ವಿವರಿಸುತ್ತಿದ್ದರು. ಮುಳ್ಳುಗಳು, ಅಂಕಿಗಳು, ಕೀಲಿ ಕೊಡುವ ಗುಂಡಿ: ಇವು ಗಡಿಯಾರದ ವಾಸ್ತುಶಿಲ್ಪ. ಒಳಗೆ ಸ್ಪ್ರಿಂಗು ಇದೆಯೋ ಲೋಲಕ ಇದೆಯೋ ಎಂಬುದು ಕಟ್ಟುವವನ ಚಿಂತೆ. ಕೈಗಡಿಯಾರ ನೋಡಲು ಕಲಿತ ಮಗು ಗೋಪುರದ ಗಡಿಯಾರವನ್ನೂ ನೋಡಿ ಗಂಟೆ ಹೇಳಬಲ್ಲುದು.

ಅದೇ ಯಂತ್ರದಲ್ಲಿ ಇನ್ನೊಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಅಕ್ಷರವೊಂದಕ್ಕೆ ಆರು ಬಿಟ್‌ಗಳ ಜಾಗ ಸಾಕೆಂದಿದ್ದರು. ಬ್ರೂಕ್ಸ್ ಎಂಟು ಬೇಕೆಂದು ಪಟ್ಟುಹಿಡಿದರು. ಆರು ಬಿಟ್‌ಗಳಲ್ಲಿ 64 ಚಿಹ್ನೆಗಳಷ್ಟೇ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಕೆಲವು ಗುರುತುಗಳು ಸೇರಿದರೆ ಅಲ್ಲಿಗೆ ಭರ್ತಿ. ಎಂಟರಲ್ಲಿ 256. ಮುಂದೆ ಭಾರತೀಯ ಲಿಪಿಗಳಿಗಾಗಿ ಇಸ್ಕಿ ಸಂಕೇತ ರೂಪಿಸಿದಾಗ, ಕನ್ನಡವೂ ಸೇರಿದಂತೆ ನಮ್ಮ ಅಕ್ಷರಗಳನ್ನು ಕೂರಿಸಿದ್ದು ಆ 256ರ ಮೇಲಿನ ಅರ್ಧದಲ್ಲಿ. ತಮ್ಮ ವೃತ್ತಿಜೀವನದ ಅತಿ ಮುಖ್ಯ ನಿರ್ಧಾರ ಇದು ಎಂದು ಬ್ರೂಕ್ಸ್ ಹೇಳಿಕೊಂಡಿದ್ದುಂಟು. ಯಂತ್ರದ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿದ್ದ ಮನುಷ್ಯ ತಂತ್ರಾಂಶಕ್ಕೆ ಕೈಹಾಕಿದಾಗ ಎಡವಿದರು.

ಹತ್ತು ಮಂದಿಯೋ, ನೂರೈವತ್ತು ಮಂದಿಯೋ

ಕಂಪ್ಯೂಟರನ್ನು ಗುಂಡಿ ಒತ್ತಿ ಶುರುಮಾಡಿದೊಡನೆ ಅದರ ಸ್ಮೃತಿ, ಡಿಸ್ಕು, ಮುದ್ರಕಗಳನ್ನೆಲ್ಲ ಹಂಚಿ ನಡೆಸುವ ಯಜಮಾನ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಸಿಸ್ಟಂ/360ಕ್ಕೆ ಅಂಥದ್ದೊಂದನ್ನು ಬರೆಯಬೇಕಿತ್ತು. ಅದು ಮೊದಲು ಹೇಗೆ ಕಾಣಬೇಕು, ಗಿರಾಕಿಗೆ ಏನೇನು ಒದಗಿಸಬೇಕು ಎಂಬ ವಿವರಣೆ ಸಿದ್ಧವಾಗಬೇಕು. ಅಂದರೆ ಗಡಿಯಾರದ ಮುಖ ಮೊದಲು, ಒಳಗಿನ ಚಕ್ರಗಳು ಆಮೇಲೆ.

ವಿನ್ಯಾಸ ವಿಭಾಗದ ಮುಖ್ಯಸ್ಥ ಬಂದು, ‘ನನ್ನ ಬಳಿ ಹತ್ತು ಮಂದಿ ಒಳ್ಳೆಯವರಿದ್ದಾರೆ, ನಾವೇ ಬರೆಯುತ್ತೇವೆ, ಆದರೆ ಹತ್ತು ತಿಂಗಳು ಬೇಕು’ ಎಂಬರ್ಥದ ಮಾತು ಹೇಳಿದ. ಅದು ನಿಗದಿಯಾದ ಅವಧಿಗಿಂತ ಮೂರು ತಿಂಗಳು ಹೆಚ್ಚು. ನಿಯಂತ್ರಣ ಪ್ರೋಗ್ರಾಮಿನ ಮುಖ್ಯಸ್ಥನ ಕೈಕೆಳಗೆ 150 ಮಂದಿ ಇದ್ದರು. ಅವನ ವಾದ ಬೇರೆ: ‘ವಿನ್ಯಾಸಕರು ಮಾರ್ಗದರ್ಶನ ಮಾಡಲಿ, ಬರೆಯುವುದು ನಮ್ಮವರು, ಸಮಯಕ್ಕೆ ಸರಿಯಾಗಿ ಮುಗಿಯುತ್ತದೆ. ಇಲ್ಲದಿದ್ದರೆ ನನ್ನ ನೂರೈವತ್ತು ಜನ ಹತ್ತು ತಿಂಗಳು ಕೈಕಟ್ಟಿ ಕೂರಬೇಕಾಗುತ್ತದೆ.’ ವಿನ್ಯಾಸದ ಮುಖ್ಯಸ್ಥ ಎಚ್ಚರಿಸಿದ: ಅವರಿಗೆ ಕೊಟ್ಟರೂ ಮೂರು ತಿಂಗಳು ತಡವಾಗುವುದು ತಪ್ಪುವುದಿಲ್ಲ, ಜೊತೆಗೆ ಗುಣಮಟ್ಟವೂ ಕೆಡುತ್ತದೆ.

ಸಂಬಳ ತಿಂದು ಸುಮ್ಮನೆ ಕೂತ ನೂರೈವತ್ತು ಜನರನ್ನು ನೋಡುವ ಧೈರ್ಯ ಯಾವ ಮ್ಯಾನೇಜರಿಗೆ ತಾನೇ ಇದ್ದೀತು? ಬ್ರೂಕ್ಸ್ ಕೆಲಸವನ್ನು ದೊಡ್ಡ ತಂಡಕ್ಕೆ ಕೊಟ್ಟರು. ಎಚ್ಚರಿಸಿದವನ ಎರಡು ಮಾತೂ ನಿಜವಾದವು. ಮೂರು ತಿಂಗಳು ತಡವಾಯಿತು. ಹತ್ತಾರು ಕೈಗಳಲ್ಲಿ ಹರಿದ ವಿನ್ಯಾಸಕ್ಕೆ ಒಂದು ಮುಖವೇ ಉಳಿಯಲಿಲ್ಲ. ಒಂದೇ ಮನಸ್ಸಿನಿಂದ ಹೊರಟಂತೆ ಕಾಣುವ ಗುಣ ಕಳೆದುಹೋದದ್ದರಿಂದ ದೋಷ ತಿದ್ದುವ ಕೆಲಸವೊಂದೇ ಒಂದು ವರ್ಷ ಹೆಚ್ಚಾಯಿತು ಎಂಬುದು ಬ್ರೂಕ್ಸ್‌ರ ಸ್ವಂತ ಅಂದಾಜು.

ಇದರ ಪರಿಣಾಮ ಎಂಥ ಕಡೆ ಹೊರಬಿತ್ತು ನೋಡಿ. ಆ ಕಾಲದ ಕಂಪ್ಯೂಟರುಗಳಲ್ಲಿ ಸ್ಮೃತಿ ಬಹಳ ದುಬಾರಿ. ಹಾಗಾಗಿ ಪ್ರತಿ ತಂಡಕ್ಕೂ ‘ನಿನ್ನ ಪ್ರೋಗ್ರಾಮು ಇಷ್ಟೇ ಜಾಗ ಹಿಡಿಯಬೇಕು’ ಎಂದು ಮಿತಿ ಹಾಕಿದ್ದರು. ಡಿಸ್ಕಿನ ಬಳಿ ಎಷ್ಟು ಸಲ ಓಡಬಹುದು ಎಂಬುದಕ್ಕೆ ಮಾತ್ರ ಮಿತಿಯಿರಲಿಲ್ಲ. ತನ್ನ ಜಾಗ ಮೀರಿದ ತಂಡ, ಹೆಚ್ಚಾದ ತುಂಡುಗಳನ್ನು ಮೆಲ್ಲಗೆ ಡಿಸ್ಕಿಗೆ ತಳ್ಳಿ, ಬೇಕಾದಾಗ ಎಳೆದುಕೊಳ್ಳುವಂತೆ ಮಾಡಿಕೊಂಡಿತು. ತಮ್ಮ ಮನೆಯ ಕಸವನ್ನು ಪಕ್ಕದ ಖಾಲಿ ನಿವೇಶನಕ್ಕೆ ಎಸೆದು ಅಂಗಳ ಗುಡಿಸಿದೆ ಎಂದುಕೊಂಡಂತೆ. ಎಲ್ಲರೂ ಹೀಗೆಯೇ ಮಾಡಿದ್ದರು. ಎಲ್ಲರ ಲೆಕ್ಕವೂ ಸರಿಯಾಗಿತ್ತು. ಒಟ್ಟು ವ್ಯವಸ್ಥೆ ಹೇಗೆ ಓಡೀತೆಂದು ಲೆಕ್ಕಹಾಕಿ ನೋಡಿದಾಗ, ಪ್ರಬಲವಾದ 65ನೇ ಮಾದರಿಯ ಯಂತ್ರದಲ್ಲಿ ಫೋರ್ಟ್ರಾನ್ ಭಾಷೆಯ ಕಂಪೈಲರು ನಿಮಿಷಕ್ಕೆ ಐದು ಸಾಲು ಅನುವಾದಿಸುತ್ತದೆ ಎಂಬ ಉತ್ತರ ಬಂತು. ನಿಮಿಷಕ್ಕೆ ಐದು ಸಾಲು! ನಮ್ಮ ಕಚೇರಿಯ ಗುಮಾಸ್ತರು ಅದಕ್ಕಿಂತ ವೇಗವಾಗಿ ನಕಲು ಮಾಡುತ್ತಾರೆ.

ಕೆಲಸ ಹಿಂದೆ ಬಿದ್ದಾಗ ಜನ ಸೇರಿಸಿದರು. ಉಚ್ಛ್ರಾಯದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. 1963ರಿಂದ 1966ರವರೆಗೆ ಸುಮಾರು 5,000 ಮಾನವ-ವರ್ಷಗಳು, ಅಂದರೆ ಐದು ಸಾವಿರ ಜನರ ಒಂದೊಂದು ವರ್ಷದ ದುಡಿಮೆ, ಇದಕ್ಕೆ ಸಂದಿತು. ಹಾಗಿದ್ದೂ ತಡವಾಯಿತು, ಎಣಿಸಿದ್ದಕ್ಕಿಂತ ಹಲವು ಪಟ್ಟು ಖರ್ಚಾಯಿತು, ಮೊದಮೊದಲ ಆವೃತ್ತಿಗಳು ಕುಂಟುತ್ತ ನಡೆದವು. ಇದಕ್ಕೆ ಒಂದು ಸರಳ ಲೆಕ್ಕವಿದೆ. ಹತ್ತು ಜನ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕಾದರೆ 45 ಜೋಡಿಗಳಾಗುತ್ತವೆ. ನೂರೈವತ್ತು ಜನವಾದರೆ 11,175 ಜೋಡಿ. ಜನ ಹದಿನೈದು ಪಟ್ಟಾದರೆ ಮಾತು ಇನ್ನೂರೈವತ್ತು ಪಟ್ಟು ಸಮೀಪಿಸುತ್ತದೆ. ತಡವಾದ ತಂತ್ರಾಂಶಕ್ಕೆ ಆಳು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಬ್ರೂಕ್ಸ್ ಮುಂದೆ ಬರೆದದ್ದು ಅವರ ಹೆಸರಿನ ನಿಯಮವೇ ಆಗಿಬಿಟ್ಟಿದೆ.

ಐಬಿಎಂ ಬಿಟ್ಟು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಹೊರಟುನಿಂತ ಅವರನ್ನು ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಒಂದು ಪ್ರಶ್ನೆ ಕೇಳಿದ್ದರು: ಯಂತ್ರ ಕಟ್ಟಿಸುವುದಕ್ಕಿಂತ ಪ್ರೋಗ್ರಾಂ ಬರೆಸುವುದು ಏಕೆ ಇಷ್ಟು ಕಷ್ಟ? ಉತ್ತರ ಬರೆಯಲು ಬ್ರೂಕ್ಸ್‌ಗೆ ಹತ್ತು ವರ್ಷ ಬೇಕಾಯಿತು. 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಚಿಕ್ಕ ಪುಸ್ತಕವಾಗಿ ಅದು ಹೊರಬಂತು. ತನ್ನ ತಪ್ಪುಗಳನ್ನೇ ಪಾಠವಾಗಿ ಬರೆದ ಮ್ಯಾನೇಜರರು ಎಷ್ಟು ಜನ ಸಿಕ್ಕಾರು?

ರೋಮಿನಲ್ಲಿ ಒಂದು ಮಾತು

ಈ ನಡುವೆ ಸಂಕಟ ಐಬಿಎಂನದಷ್ಟೇ ಅಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. 1968ರ ಅಕ್ಟೋಬರಿನಲ್ಲಿ ನೇಟೊ ಸಂಸ್ಥೆಯ ವಿಜ್ಞಾನ ಸಮಿತಿ ಪಶ್ಚಿಮ ಜರ್ಮನಿಯ ಗಾರ್ಮಿಷ್‌ನಲ್ಲಿ ಸುಮಾರು ಐವತ್ತು ಮಂದಿ ತಜ್ಞರನ್ನು ಸೇರಿಸಿತು. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಮಾತು ಚಲಾವಣೆಗೆ ಬಂದದ್ದು ಅಲ್ಲಿಂದ. ಮರುವರ್ಷ ರೋಮಿನಲ್ಲಿ ಇನ್ನೊಂದು ಸಭೆ. ಅಲ್ಲಿ ಕೆನಡಾದ ಇಯಾನ್ ಶಾರ್ಪ್ ಎದ್ದುನಿಂತು, ಎಂಜಿನಿಯರಿಂಗಿನ ಜೊತೆಗೆ ಇನ್ನೊಂದಿದೆ, ಅದು ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಎಂದರು. ಉದಾಹರಣೆಗೆ ಎತ್ತಿಕೊಂಡದ್ದು ಓಎಸ್/360ನ್ನೇ. ಅದರ ಬಿಡಿಭಾಗಗಳನ್ನು ಬಿಚ್ಚಿನೋಡಿದರೆ ಬಹಳ ಚೆನ್ನಾಗಿ ಬರೆದಿದ್ದಾರೆ. ಆದರೂ ಒಟ್ಟಾಗಿ ಅದು ಆಕಾರವಿಲ್ಲದ ಮುದ್ದೆ, ಏಕೆಂದರೆ ಅದಕ್ಕೊಬ್ಬ ಸ್ಥಪತಿ ಇರಲಿಲ್ಲ. ಪ್ರತಿ ಗುಂಪೂ ತನ್ನದೇ ವಾಸ್ತು ಹೂಡಿಕೊಂಡಿತು, ಕೊನೆಗೆ ಮೊಳೆ ಹೊಡೆದು ಜೋಡಿಸಿದರು. ಇದು ಅವರ ಮಾತಿನ ಸಾರಾಂಶ.

ಬ್ರೂಕ್ಸ್ ತಮ್ಮ ಪುಸ್ತಕದಲ್ಲಿ ಫ್ರಾನ್ಸಿನ ರೀಮ್ಸ್ ಚರ್ಚನ್ನು ನೆನೆಯುತ್ತಾರೆ. ಹಲವು ತಲೆಮಾರು ಕಟ್ಟಿದರೂ ಅದು ಒಂದೇ ಕಟ್ಟಡದಂತೆ ಕಾಣುತ್ತದೆ, ಏಕೆಂದರೆ ಮುಂದಿನವರು ತಮ್ಮ ಕಲ್ಪನೆಗಳನ್ನು ಹತ್ತಿಕ್ಕಿ ಮೊದಲಿನವನ ವಿನ್ಯಾಸಕ್ಕೆ ಬದ್ಧರಾದರು. ನಮ್ಮ ಓದುಗರಿಗೆ ಸೋಮನಾಥಪುರ ನೆನಪಾದೀತು. ಹದಿಮೂರನೇ ಶತಮಾನದ ಆ ಗುಡಿಯ ಗೋಡೆಯಲ್ಲಿ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ಹಲವು ಕೈ, ಒಂದು ಗುಡಿ. ಹೆಸರು ಬಿಟ್ಟುಹೋದವರು ಉಳಿ ಹಿಡಿದವರು ಎಂಬುದನ್ನೂ ಗಮನಿಸಬೇಕು.

1968ರಲ್ಲೇ ಮೆಲ್ವಿನ್ ಕಾನ್ವೇ ಎಂಬಾತ ಇನ್ನೊಂದು ಕೋನದಿಂದ ಇದೇ ವಿಷಯ ಬರೆದಿದ್ದ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ತಿರಸ್ಕರಿಸಿದ ಮೇಲೆ ಡೇಟಮೇಷನ್ ಪತ್ರಿಕೆಯಲ್ಲಿ ಬಂದ ಲೇಖನ ಅದು. ಯಾವುದೇ ಸಂಸ್ಥೆ ರೂಪಿಸುವ ವ್ಯವಸ್ಥೆ ಆ ಸಂಸ್ಥೆಯ ಒಳಗಿನ ಮಾತುಕತೆಯ ಪಡಿಯಚ್ಚೇ ಆಗಿರುತ್ತದೆ ಎಂಬುದು ಅವನ ವಾದ. ಎಂಟು ಜನರಿದ್ದ ಒಂದು ಕಡೆ ಎರಡು ಕಂಪೈಲರು ಬರೆಯಬೇಕಿತ್ತಂತೆ. ಒಂದಕ್ಕೆ ಐದು ಜನ, ಇನ್ನೊಂದಕ್ಕೆ ಮೂವರು. ಮೊದಲನೆಯದು ಐದು ಹಂತಗಳಲ್ಲಿ ಓಡುವ ಕಂಪೈಲರಾಯಿತು, ಎರಡನೆಯದು ಮೂರು ಹಂತಗಳಲ್ಲಿ. ವಿನ್ಯಾಸದ ಗ್ರಂಥಗಳೆಲ್ಲ ಒಂದು ತೂಕ, ಈ ಒಂದು ಉದಾಹರಣೆ ಒಂದು ತೂಕ.

ಉಗ್ರಾಣಿಯ ಗುಟ್ಟು

ಬ್ರೂಕ್ಸ್‌ರ ಐದಡಿ ಕಡತದ ವಿರುದ್ಧ ನೇರವಾಗಿ ನಿಂತವರು ಕಾರ್ನೆಗಿ-ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಪಾರ್ನಾಸ್. 1972ರ ಡಿಸೆಂಬರಿನಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕೆಲವೇ ಪುಟಗಳದು. ದೊಡ್ಡ ಪ್ರೋಗ್ರಾಮನ್ನು ತುಂಡುಮಾಡುವಾಗ ಎಲ್ಲಿ ಕತ್ತರಿಸಬೇಕು ಎಂಬುದೊಂದೇ ಅದರ ಪ್ರಶ್ನೆ.

ಅವರು ತೆಗೆದುಕೊಂಡ ಉದಾಹರಣೆ ಗ್ರಂಥಾಲಯದ ಅಕಾರಾದಿ ಸೂಚಿಯಂಥದ್ದು. ‘ಮಲೆನಾಡಿನ ಅಡಕೆ ಬೇಸಾಯ’ ಎಂಬ ಹೆಸರಿದೆ ಎನ್ನಿ. ಅಡಕೆ ಎಂದು ಹುಡುಕುವವನಿಗೂ ಅದು ಸಿಗಬೇಕು. ಅದಕ್ಕಾಗಿ ಪದಗಳನ್ನು ಚಕ್ರದಂತೆ ತಿರುಗಿಸಿ ‘ಅಡಕೆ ಬೇಸಾಯ ಮಲೆನಾಡಿನ’, ‘ಬೇಸಾಯ ಮಲೆನಾಡಿನ ಅಡಕೆ’ ಎಂದೂ ಬರೆದು, ಎಲ್ಲವನ್ನೂ ಅಕಾರಾದಿಯಾಗಿ ಜೋಡಿಸಿ ಅಚ್ಚುಮಾಡಬೇಕು. ಯಾರಿಗಾದರೂ ಹೊಳೆಯುವ ವಿಭಜನೆ ಯಾವುದು? ಓದುವುದು, ತಿರುಗಿಸುವುದು, ಜೋಡಿಸುವುದು, ಅಚ್ಚುಮಾಡುವುದು: ಕೆಲಸದ ಹಂತಕ್ಕೊಂದು ತುಂಡು. ಪಾರ್ನಾಸ್ ಇದನ್ನು ಒಪ್ಪಲಿಲ್ಲ. ಹೀಗೆ ಮಾಡಿದರೆ ಸಾಲುಗಳು ಸ್ಮೃತಿಯಲ್ಲಿ ಹೇಗೆ ಕುಳಿತಿವೆ ಎಂಬುದು ಎಲ್ಲ ತುಂಡುಗಳಿಗೂ ಗೊತ್ತಿರಬೇಕಾಗುತ್ತದೆ. ನಾಳೆ ಸಾಲುಗಳನ್ನು ಬೇರೆ ರೀತಿ ಇಡಬೇಕಾಗಿ ಬಂದರೆ ಎಲ್ಲ ತುಂಡುಗಳನ್ನೂ ತಿದ್ದಬೇಕು. ಅದರ ಬದಲು, ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಮೊದಲು ಪಟ್ಟಿಮಾಡಿ. ಒಂದೊಂದು ನಿರ್ಧಾರವನ್ನೂ ಒಂದೊಂದು ತುಂಡಿನೊಳಗೆ ಬಚ್ಚಿಡಿ. ಹೊರಗಿನವರಿಗೆ ಅದು ಕಾಣಲೇಬಾರದು ಎಂದರು.

ಮದುವೆ ಮನೆಯ ಉಗ್ರಾಣವನ್ನು ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಅಡುಗೆ ಭಟ್ಟರು ‘ಎರಡು ಸೇರು ಬೆಲ್ಲ’ ಎಂದು ಕೇಳುತ್ತಾರೆ, ಉಗ್ರಾಣದ ಉಸ್ತುವಾರಿ ಹೊತ್ತವನು ತಂದುಕೊಡುತ್ತಾನೆ. ಬೆಲ್ಲ ಯಾವ ಮೂಟೆಯಲ್ಲಿದೆ, ಮೂಟೆ ಯಾವ ಮೂಲೆಯಲ್ಲಿದೆ ಎಂಬುದು ಭಟ್ಟರಿಗೆ ಬೇಡ. ರಾತ್ರೋರಾತ್ರಿ ಮೂಟೆಗಳ ಜಾಗ ಬದಲಾದರೂ ಪಾಯಸ ನಿಲ್ಲುವುದಿಲ್ಲ. ಅದೇ ಎಲ್ಲರೂ ಉಗ್ರಾಣಕ್ಕೆ ನುಗ್ಗಿ ಬೇಕಾದ್ದನ್ನು ತೆಗೆದುಕೊಳ್ಳುವ ಮನೆಯಾದರೆ, ಒಂದು ಮೂಟೆ ಸರಿಸಿದ ಸುದ್ದಿಯನ್ನು ಐವತ್ತು ಜನರಿಗೆ ಸಾರಬೇಕು. ಬ್ರೂಕ್ಸ್‌ರ ದಿನಕ್ಕೆ 150 ಪುಟಗಳು ಆ ಸಾರುವಿಕೆಯೇ ಅಲ್ಲದೆ ಬೇರೇನಲ್ಲ.

1975ರ ಪುಸ್ತಕದಲ್ಲಿ ಬ್ರೂಕ್ಸ್ ಪಾರ್ನಾಸ್‌ರ ವಿಚಾರವನ್ನು ಪ್ರಸ್ತಾಪಿಸಿ, ವಿನ್ಯಾಸವಾಗಿ ಅದು ಒಳ್ಳೆಯದೇ, ಆದರೆ ತುಂಡುಗಳ ನಡುವಿನ ಒಪ್ಪಂದಗಳು ಕರಾರುವಾಕ್ಕಾಗಿಯೇ ಇರುತ್ತವೆಂದು ನಂಬಿ ಕೂತರೆ ಅನಾಹುತ ಖಂಡಿತ ಎಂದು ಪಕ್ಕಕ್ಕಿಟ್ಟರು.

ಪಾಳುಬಿದ್ದ ಯಂತ್ರ, ಇಬ್ಬರು ಮನುಷ್ಯರು

ಇತ್ತ ನ್ಯೂಜೆರ್ಸಿಯ ಮರ್ರೇ ಹಿಲ್‌ನ ಬೆಲ್ ಪ್ರಯೋಗಾಲಯದಲ್ಲಿ ಬೇರೆಯದೇ ಕಥೆ ನಡೆದಿತ್ತು. ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಮಲ್ಟಿಕ್ಸ್ ಎಂಬ ಭಾರೀ ಆಪರೇಟಿಂಗ್ ಸಿಸ್ಟಂ ಕಟ್ಟಲು ಹೊರಟಿದ್ದ ಬೆಲ್, ಅದು ಮುಗಿಯುವ ಸೂಚನೆ ಕಾಣದೆ 1969ರಲ್ಲಿ ಹೊರಬಂದಿತು. ಕೈ ಖಾಲಿಯಾದ ಕೆನ್ ಥಾಂಪ್ಸನ್‌ಗೆ ಯಾರೂ ಹೆಚ್ಚು ಬಳಸದ ಪಿಡಿಪಿ-7 ಎಂಬ ಸಣ್ಣ ಕಂಪ್ಯೂಟರು ಸಿಕ್ಕಿತು. ಆ ಬೇಸಿಗೆಯಲ್ಲಿ ಹೆಂಡತಿ ಮಗುವನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರು. ಆ ಕೆಲವು ವಾರಗಳಲ್ಲಿ ಥಾಂಪ್ಸನ್, ಒಂದೊಂದಕ್ಕೆ ಒಂದೊಂದು ವಾರದಂತೆ, ಹೊಸ ಆಪರೇಟಿಂಗ್ ಸಿಸ್ಟಮ್ಮಿನ ಮುಖ್ಯ ಭಾಗಗಳನ್ನು ಬರೆದು ನಿಲ್ಲಿಸಿದರು. ಡೆನಿಸ್ ರಿಚಿ ಜೊತೆಗೂಡಿದರು. ಅದೇ ಯುನಿಕ್ಸ್. 1972ರ ಕೈಪಿಡಿಯ ಮುನ್ನುಡಿಯಲ್ಲಿ, ಯುನಿಕ್ಸ್ ಈಗ 10 ಕಡೆ ಇದೆ, ಇನ್ನಷ್ಟು ಕಡೆ ಬರುವ ನಿರೀಕ್ಷೆಯಿದೆ ಎಂದು ಗಂಭೀರವಾಗಿ ಬರೆದಿದ್ದಾರೆ. ಇಂದು ನಿಮ್ಮ ಜೇಬಿನ ಮೊಬೈಲ್ ಫೋನಿನೊಳಗೆ ಇರುವುದು ಬಹುಪಾಲು ಅದರ ಸಂತತಿ.

ಆ ಪ್ರಯೋಗಾಲಯದ ಡಗ್ ಮೆಕ್‌ಇಲ್ರಾಯ್‌ಗೆ 1964ರಿಂದಲೂ ಒಂದು ಗೀಳಿತ್ತು. ತೋಟಕ್ಕೆ ನೀರುಣಿಸುವ ರಬ್ಬರ್ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸುವಂತೆ ಪ್ರೋಗ್ರಾಮುಗಳನ್ನು ಜೋಡಿಸಲು ಆಗಬೇಕು. ಒಂದರಿಂದ ಹೊರಬಿದ್ದದ್ದು ಇನ್ನೊಂದಕ್ಕೆ ಹರಿಯಬೇಕು. ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ‘ಪೈಪ್’ ಎಂಬ ಆ ಸೌಕರ್ಯವನ್ನು ಯುನಿಕ್ಸಿಗೆ ಸೇರಿಸಿದರು. ಮರುದಿನ ಪ್ರಯೋಗಾಲಯದಲ್ಲಿ ಎಲ್ಲರಿಗೂ ಹುಚ್ಚು ಹಿಡಿದಂತಾಯಿತಂತೆ. ಒಂದೇ ಸಾಲಿನಲ್ಲಿ ಏನೇನು ಮಾಡಬಹುದು ಎಂಬ ಸ್ಪರ್ಧೆ. ಮುಂದೆ 1986ರಲ್ಲಿ, ಒಂದು ಬರಹದಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಎಣಿಸುವ ಪ್ರೋಗ್ರಾಮನ್ನು ಪ್ರಸಿದ್ಧ ವಿದ್ವಾಂಸ ಡೊನಾಲ್ಡ್ ಕನೂತ್ ಹತ್ತಕ್ಕೂ ಹೆಚ್ಚು ಪುಟಗಳಲ್ಲಿ ಬರೆದು ತೋರಿಸಿದಾಗ, ವಿಮರ್ಶೆಗೆ ಕುಳಿತ ಮೆಕ್‌ಇಲ್ರಾಯ್ ಆರು ಪುಟ್ಟ ಆದೇಶಗಳನ್ನು ಕೊಳವೆಯಿಂದ ಪೋಣಿಸಿ ಅದೇ ಕೆಲಸ ಮುಗಿಸಿದರು. ಕನೂತ್‌ಗೆ ವಹಿಸಿದ್ದು ಪ್ರೋಗ್ರಾಮನ್ನು ಸಾಹಿತ್ಯದಂತೆ ಬರೆದು ತೋರಿಸುವ ಕೆಲಸ, ಆದ್ದರಿಂದ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಕೇಳಲು ಚೆನ್ನಾಗಿದೆ.

ಯುನಿಕ್ಸಿನ ಮುಖ್ಯ ತಂತ್ರಾಂಶಕ್ಕೆ ಎರಡು ಮಾನವ-ವರ್ಷಕ್ಕಿಂತ ಕಡಿಮೆ ದುಡಿಮೆ ಸಾಕಾಯಿತು ಎಂದು 1974ರ ಪ್ರಬಂಧದಲ್ಲಿ ರಿಚಿ ಮತ್ತು ಥಾಂಪ್ಸನ್ ಬರೆದರು. ಒಂದೆಡೆ ಎರಡು, ಇನ್ನೊಂದೆಡೆ ಐದು ಸಾವಿರ. ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ಆದರೆ ಅದು ಅನ್ಯಾಯ. ಥಾಂಪ್ಸನ್‌ಗೆ ಗಡುವಿರಲಿಲ್ಲ, ಕಾದು ಕುಳಿತ ಗಿರಾಕಿಗಳಿರಲಿಲ್ಲ. ಬ್ರೂಕ್ಸ್ ಹಲವು ಮಾದರಿಯ ಯಂತ್ರಗಳಿಗೆ, ನೂರಾರು ಕಂಪನಿಗಳಿಗೆ ಉತ್ತರ ಹೇಳಬೇಕಿತ್ತು. ನಾವು ಗಮನಿಸಬೇಕಾದ್ದು ಬೇರೆ. ಯುನಿಕ್ಸಿನಲ್ಲಿ ನಕ್ಷೆ ಬರೆದವನೂ ಕೋಡು ಬರೆದವನೂ ಒಬ್ಬನೇ ಆಗಿದ್ದ. ತಾನು ಹಾಕಿದ ಗೆರೆ ಎಲ್ಲಿ ನೋಯುತ್ತದೆ ಎಂಬುದು ಅವನಿಗೆ ಮರುದಿನವೇ ಗೊತ್ತಾಗುತ್ತಿತ್ತು.

ಕತ್ತಿ ಯಾರ ಕೈಯಲ್ಲಿ

ಐಬಿಎಂ ಒಳಗೇ ಹಾರ್ಲನ್ ಮಿಲ್ಸ್ ಎಂಬುವರು ಇದನ್ನು ದೊಡ್ಡ ಕಂಪನಿಗೆ ಒಗ್ಗುವಂತೆ ಮಾಡಲು ನೋಡಿದ್ದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹತ್ತು ಜನರಿದ್ದರೂ ಕತ್ತಿ ಹಿಡಿಯುವವನು ಒಬ್ಬ. ಉಳಿದವರು ಅವನಿಗೆ ಬೇಕಾದ್ದನ್ನು ಒದಗಿಸುತ್ತಾರೆ. ಹಾಗೆಯೇ ಮುಖ್ಯ ಪ್ರೋಗ್ರಾಮರನೇ ವಿನ್ಯಾಸ ಮಾಡಿ, ಮುಖ್ಯ ಭಾಗವನ್ನು ತಾನೇ ಬರೆಯಬೇಕು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸುದ್ದಿ ತುಣುಕುಗಳ ಸಂಗ್ರಹವನ್ನು ಕಂಪ್ಯೂಟರಿಗೆ ಏರಿಸುವ ಯೋಜನೆಯಲ್ಲಿ ಇದನ್ನು ಪ್ರಯೋಗಿಸಿದರು. ಸುಮಾರು 83,000 ಸಾಲುಗಳು 22 ತಿಂಗಳಲ್ಲಿ, 11 ಮಾನವ-ವರ್ಷಗಳಲ್ಲಿ ಮುಗಿದವು.

ಹಾಗಿದ್ದೂ ಲೋಕ ನಡೆದದ್ದು ಇನ್ನೊಂದು ದಾರಿಯಲ್ಲಿ. ಕಂಪನಿಗಳು ಬೆಳೆದಂತೆ ‘ಆರ್ಕಿಟೆಕ್ಟ್’ ಎಂಬುದು ಕೆಲಸದ ಹೆಸರಾಗಿ ಉಳಿಯದೆ ಹುದ್ದೆಯ ಹೆಸರಾಯಿತು. ನಮ್ಮ ಬೆಂಗಳೂರಿನಲ್ಲೂ ಅಷ್ಟೆ. ಪ್ರೋಗ್ರಾಮರ್ ಆಗಿ ಸೇರಿ, ಕೆಲವು ವರ್ಷಗಳಲ್ಲಿ ಬಡ್ತಿ ಪಡೆದು ಆರ್ಕಿಟೆಕ್ಟ್ ಆದವನು ಅನೇಕ ಕಡೆ ಕೋಡಿನಿಂದ ದೂರವಾಗುತ್ತಾನೆ. ಚೌಕಗಳನ್ನು ಬರೆದು ಬಾಣದ ಗುರುತು ಹಾಕಿ ಕೆಳಗಿನವರಿಗೆ ಕೊಡುತ್ತಾನೆ. ಕೋಡು ಬರೆಯುವುದು ಚಿಕ್ಕವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಸ್ವಲ್ಪ ಹೆಚ್ಚೇ ಇದೆ ಎಂದು ನನ್ನ ಅನಿಸಿಕೆ; ಕೈಕೆಸರು ಮಾಡಿಕೊಳ್ಳದವನೇ ದೊಡ್ಡವನು ಎಂಬ ಹಳೆಯ ರೋಗದ ಹೊಸ ರೂಪ ಅದು. ಅಮೆರಿಕದಲ್ಲೂ ಈ ಚಾಳಿ ಇತ್ತು. ಹಲವು ತಂಡಗಳನ್ನು ಹತ್ತಿರದಿಂದ ಗಮನಿಸಿದ ಬೆಲ್ ಪ್ರಯೋಗಾಲಯದ ಜೇಮ್ಸ್ ಕೋಪ್ಲಿಯನ್, ಸ್ಥಪತಿಯೂ ಕೋಡು ಬರೆಯಲಿ ಎಂಬುದನ್ನು 1995ರಲ್ಲಿ ಒಂದು ಸೂತ್ರವಾಗಿಯೇ ಬರೆದಿಟ್ಟರು.

ಬ್ರೂಕ್ಸ್ ಮಾತ್ರ ವಿನ್ಯಾಸಕನೂ ಕಟ್ಟುವವನೂ ಬೇರೆಯಿದ್ದರೆ ಅಡ್ಡಿಯಿಲ್ಲ ಎಂಬ ನಿಲುವನ್ನು ಬಿಡಲಿಲ್ಲ. ಆದರೆ ಅದಕ್ಕೆ ಷರತ್ತು ಹಾಕಿದ್ದರು. ತಾನು ವಿಧಿಸಿದ್ದನ್ನು ಕಟ್ಟುವ ಒಂದು ದಾರಿಯಾದರೂ ವಿನ್ಯಾಸಕನಿಗೆ ಗೊತ್ತಿರಬೇಕು. ಕಟ್ಟುವವನು ಅದಕ್ಕಿಂತ ಒಳ್ಳೆಯ ದಾರಿ ಕಂಡರೆ ತೆಪ್ಪಗೆ ಒಪ್ಪಬೇಕು. ಆ ಸುಧಾರಣೆಯ ಕೀರ್ತಿಯನ್ನು ಬಿಟ್ಟುಕೊಡಬೇಕು. ಮೂರನೆಯದನ್ನು ಪಾಲಿಸುವವರು ಕಡಿಮೆ.

1995ರಲ್ಲಿ ಅವರ ಪುಸ್ತಕದ ಇಪ್ಪತ್ತನೇ ವರ್ಷದ ಆವೃತ್ತಿ ಬಂತು. ಹಳೆಯ ಅಧ್ಯಾಯಗಳನ್ನು ಅವರು ತಿದ್ದಲು ಹೋಗಲಿಲ್ಲ. ಟೈಮ್-ಲೈಫ್ ಕಟ್ಟಡದ ಐದಡಿ ಕಡತ, ನೂರು ಪ್ರತಿ, ದಿನಕ್ಕೆ 150 ಪುಟ, ಪಾರ್ನಾಸ್‌ರ ವಿಚಾರಕ್ಕೆ ಹಾಕಿದ ಆಕ್ಷೇಪ, ಎಲ್ಲವೂ ಇದ್ದಂತೆಯೇ ಉಳಿದವು. ಕೊನೆಗೆ ನಾಲ್ಕು ಹೊಸ ಅಧ್ಯಾಯಗಳನ್ನು ಸೇರಿಸಿದರು. ಅವುಗಳಲ್ಲಿ ಒಂದು ಕಡೆ, ಬಚ್ಚಿಡುವ ವಿಷಯದಲ್ಲಿ ಪಾರ್ನಾಸ್ ಸರಿ, ತಾನು ತಪ್ಪು ಎಂದು ನೇರವಾಗಿ ಬರೆದರು. ಆಗ ಅವರಿಗೆ 64 ವರ್ಷ. 1999ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. 2022ರ ನವೆಂಬರಿನಲ್ಲಿ ತೀರಿಕೊಂಡರು.